ಟ್ಯಾಂಕ್ ತಿರುಗಿಸಿ ಕ್ಲಿಯರ್ ಹೊಡೆದೆ, ಇಳಿಯಲಿಲ್ಲ: ನನ್ನ ಅನುಭವ

ಹೋದ ಯುಗಾದಿಯಿಂದ ಈಚೆಗೆ ಏರ್‌ಬ್ರಷ್ (ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಸಣ್ಣ ಗನ್) ಚಿತ್ರ ಇರುವ 19 ಬೈಕ್ ಟ್ಯಾಂಕ್‌ಗೆ ಕ್ಲಿಯರ್, ಅಂದರೆ ಚಿತ್ರದ ಮೇಲಿನ ಬಣ್ಣವಿಲ್ಲದ ಹೊಳಪಿನ ಕೋಟ್, ಹೊಡೆದಿದ್ದೇನೆ. ಒಂದರಲ್ಲೂ ಕ್ಲಿಯರ್ ಆರುವ ಮುಂಚೆ ಚಿತ್ರದ ಮೇಲೆ ಗೆರೆಯಾಗಿ ಇಳಿದಿಲ್ಲ. ತುಮಕೂರಿನ ಶಿರಾ ಗೇಟ್ ಕಡೆಯ ಪೇಂಟರ್‌ಗಳು ಟ್ಯಾಂಕ್ ತಿರುಗಿಸೋಕೆ ನಾನು ಮಾಡಿದ ಸ್ಟ್ಯಾಂಡ್ ನೋಡಿ "ಏನಣ್ಣ ಇದು, ಕೋಳಿ ಸುಡೋ ಮೆಷಿನ್ನಾ?" ಅಂದಿದ್ದರು. ಈಗ ಅವರಲ್ಲೇ ಇಬ್ಬರು ಬಂದು ಅದರ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. 2022ರ ಡಿಸೆಂಬರ್. ಕುಣಿಗಲ್‌ನ ಹುಡುಗನೊಬ್ಬ ಬುಲೆಟ್ ಟ್ಯಾಂಕ್ ತಂದಿದ್ದ. ಒಂದು ಕಡೆ ಅಪ್ಪು ನಗುಮುಖ, ಇನ್ನೊಂದು ಕಡೆ ಗಂಡಭೇರುಂಡ. ಏರ್‌ಬ್ರಷ್ ಕೆಲಸಕ್ಕೇ ಮೂರು ದಿನ ಹಿಡಿಯಿತು. ಧೂಳು ಏಳುವ ಮುಂಚೆ ಮುಗಿಸೋಣ ಅಂತ ಬೆಳಿಗ್ಗೆ ಏಳೂವರೆಗೇ ಕ್ಲಿಯರ್ ಶುರು ಮಾಡಿದೆ. ತಗಡು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಮೂರನೇ ಕೋಟ್ ಆಗಿ ಐದು ನಿಮಿಷಕ್ಕೆ ಕಣ್ಣಿನ ಕೆಳಗಿಂದ ಗಲ್ಲದವರೆಗೆ ಒಂದು ಗೆರೆ ಇಳಿಯಿತು, ಕಣ್ಣೀರು ಇಳಿದ ಹಾಗೆ. ಆ ಮುಖದ ಮೇಲೆ ಅದನ್ನು ನೋಡೋಕೆ ಆಗಲಿಲ್ಲ ನನಗೆ.

ಎರಡು ದಿನ ಬಿಟ್ಟು ಬ್ಲೇಡ್‌ನಲ್ಲಿ ಕೆರೆದು, 1500 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಕಿದೆ. ಕ್ಲಿಯರ್ ದಾಟಿ ಬಣ್ಣಕ್ಕೇ ಹೋಯಿತು. ಮುಖ ಪೂರ್ತಿ ಮತ್ತೆ ಬರೆದೆ. ಮೆಟೀರಿಯಲ್ ಎರಡು ಸಾವಿರದ ಹತ್ತಿರ, ಕೂಲಿ ಸೇರಿದರೆ ಏಳು ಸಾವಿರ. ಕೆಲಸ ಒಪ್ಪಿಕೊಂಡಿದ್ದೇ ಒಂಬತ್ತು ಸಾವಿರಕ್ಕೆ.

ಆಮೇಲೆ ಎಲ್ಲರೂ ಹೇಳುವುದನ್ನೆಲ್ಲ ಮಾಡಿ ನೋಡಿದೆ. ಥಿನ್ನರ್ ಕಡಿಮೆ ಮಾಡಿದೆ, ಕಿತ್ತಳೆ ಸಿಪ್ಪೆಯ ಹಾಗೆ ಬಂತು. ಗನ್‌ನ 1.4 ಎಂಎಂ ನಾಜಲ್ (ಕ್ಲಿಯರ್ ಹೊರಬರುವ ತೂತು) ಬಿಟ್ಟು 1.2 ಹಾಕಿದೆ, ಇಳಿಯುವುದು ಕಮ್ಮಿಯಾಯಿತು, ಹೊಳಪೂ ಹೋಯಿತು. ಹಳೇ ಎಣ್ಣೆ ಡಬ್ಬ ಕತ್ತರಿಸಿ ಎಂಟು ತಗಡು ನಿಲ್ಲಿಸಿ, ಗನ್ ದೂರ ಬದಲಾಯಿಸುತ್ತಾ ಹೊಡೆದೆ. ಅರ್ಧ ಲೀಟರ್ ಕ್ಲಿಯರ್ ಅದಕ್ಕೇ ಹೋಯಿತು. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರವೇ ಸರಿ ಅಂತ ಕಂಡಿತು. ಅದು ಮೊದಲೇ ಗೊತ್ತಿದ್ದದ್ದೇ ಅಲ್ವಾ? ಆದರೆ ಬೇರೆ ಒಂದು ವಿಷಯ ಸಿಕ್ಕಿತು. ಬಿಸಿಲಲ್ಲಿ ಇಟ್ಟಿದ್ದ ತಗಡು ಇಳಿಯಲಿಲ್ಲ, ನೆರಳಲ್ಲಿದ್ದದ್ದು ಇಳಿಯಿತು. ಅದೇ ಡಬ್ಬದ ತಗಡು, ಅದೇ ಕೈ, ಅದೇ ಕ್ಲಿಯರ್. ತಣ್ಣಗಿನ ತಗಡಿನ ಮೇಲೆ ಥಿನ್ನರ್ ಬೇಗ ಆರುವುದಿಲ್ಲ, ಕ್ಲಿಯರ್ ತುಂಬಾ ಹೊತ್ತು ನೀರಾಗೇ ಇರುತ್ತದೆ.

ಈಗ ಡಿಸೆಂಬರ್, ಜನವರಿಯಲ್ಲಿ ಹನ್ನೊಂದು ಗಂಟೆಗೆ ಮುಂಚೆ ನಾನು ಗನ್ ಮುಟ್ಟುವುದಿಲ್ಲ. ಟ್ಯಾಂಕ್ ಅನ್ನು ಒಂದು ಗಂಟೆ ಬಿಸಿಲಿಗೆ ಇಟ್ಟು, ಅಂಗೈಗೆ ಬೆಚ್ಚಗೆ ಅನ್ನಿಸಿದ ಮೇಲೆ ಒಳಗೆ ತರುತ್ತೇನೆ. ಏಪ್ರಿಲ್‌ನಲ್ಲಿ ಇದು ಬೇಡ, ತಗಡು ಸುಡುತ್ತಿದ್ದರೆ ಗುಳ್ಳೆ ಏಳುತ್ತದೆ.

ಎರಡನೇ ತಪ್ಪು ಆಸೆಯದು. ಏರ್‌ಬ್ರಷ್ ಚಿತ್ರದಲ್ಲಿ ಮಾಸ್ಕಿಂಗ್ ಅಂಚು, ಅಂದರೆ ಟೇಪ್ ಅಂಟಿಸಿ ಬಣ್ಣ ಹೊಡೆದ ಕಡೆಯ ಅಂಚು, ಬೆರಳಿಗೆ ಸಿಗುತ್ತದೆ. ಅದನ್ನು ಒಂದೇ ದಿನದಲ್ಲಿ ಮುಚ್ಚಬೇಕು ಅಂತ ನಾಲ್ಕು ದಪ್ಪ ಕೋಟ್ ಹೊಡೆಯುತ್ತೇವೆ. ಇಳಿಯುವುದು ಅಲ್ಲೇ. ನಾನು ಎರಡು ದಿನಕ್ಕೆ ಹಂಚಿದೆ. ಮೊದಲ ದಿನ ಒಂದು ತೆಳು, ಒಂದು ಮಧ್ಯಮ, ಅಷ್ಟೇ. ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು, ಮಾಸ್ಕಿಂಗ್ ಟೇಪ್ ಮೇಲೆ ಬಿದ್ದ ಕ್ಲಿಯರ್ ಮುಟ್ಟಿ ನೋಡುತ್ತೇನೆ. ಬೆರಳಿಗೆ ನೂಲಿನ ಹಾಗೆ ಎಳೆದುಕೊಂಡು ಬಂದರೆ ಇನ್ನೂ ಕಾಯಬೇಕು. ಮಾರನೇ ದಿನ 800 ಪೇಪರ್‌ನಲ್ಲಿ ಅಂಚು ಕೂರುವಷ್ಟು ಮಾತ್ರ ಉಜ್ಜುತ್ತೇನೆ, ಟ್ಯಾಂಕಿನ ಏಣು ಮುಟ್ಟುವುದಿಲ್ಲ. ಆಮೇಲೆ ಎರಡು ತುಂಬು ಕೋಟ್. ಒಂದು ದಿನ ಜಾಸ್ತಿ, ಮುನ್ನೂರು ನಾನ್ನೂರು ರೂಪಾಯಿ ಜಾಸ್ತಿ. "ಗಿರಾಕಿ ಕಾಯಲ್ಲ" ಅಂದರು ಎಲ್ಲರೂ. ಕಾಯುತ್ತಾರೆ. ರೇಟ್ 14 ಸಾವಿರ ಮಾಡಿದ ಮೇಲೂ ಕಾಯುತ್ತಿದ್ದಾರೆ.

ಮೂರನೆಯದು ಸ್ಟ್ಯಾಂಡ್. ಬುಲೆಟ್ ಟ್ಯಾಂಕಿನ ಮಂಡಿ ಭಾಗದಲ್ಲಿ ತಗ್ಗು ಇದೆಯಲ್ಲ, ಅದರ ಕೆಳ ಅಂಚಿಗೆ ಕ್ಲಿಯರ್ ಬಂದು ಸೇರುತ್ತದೆ. ಒಂದೇ ಕಡೆ ಇಳಿಯೋಕೆ ಬಿಡದಿದ್ದರೆ? ಗುಜರಿಯಿಂದ ಸೈಕಲ್‌ನ ಮುಂದಿನ ಚಕ್ರದ ಹಬ್ (ನಡುವೆ ತಿರುಗುವ ಭಾಗ) ತಂದೆ, 60 ರೂಪಾಯಿ. ಅದಕ್ಕೆ ಪಟ್ಟಿ ವೆಲ್ಡ್ ಮಾಡಿಸಿ ಟ್ಯಾಂಕಿನ ಬೋಲ್ಟ್ ತೂತುಗಳಿಗೆ ಕೂರಿಸಿದೆ. ವೆಲ್ಡಿಂಗ್‌ಗೆ 250. ಮೊದಲ ಸಲ ಟ್ಯಾಂಕ್ ಭಾರಕ್ಕೆ ತಾನೇ ತಿರುಗಿ ಬಂದು ಗನ್‌ಗೆ ಹೊಡೆಯಿತು, ಒಂದು ಕೋಟ್ ಹಾಳು. ಎದುರು ಕಡೆಗೆ ಕಬ್ಬಿಣದ ತುಂಡು ಕಟ್ಟಿ ತೂಕ ಸರಿ ಮಾಡಿ, ಹಬ್ ಬಿಗಿ ಮಾಡುವ ಕೋನ್ ನಟ್ ಸ್ವಲ್ಪ ಬಿಗಿ ಮಾಡಿದೆ. ಈಗ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ತುಂಬು ಕೋಟ್ ಮುಗಿದ ತಕ್ಷಣ ಅರ್ಧ ನಿಮಿಷಕ್ಕೆ ಒಮ್ಮೆ ಅರ್ಧ ಸುತ್ತು. ಹದಿನೈದು ನಿಮಿಷ ಹೀಗೆ. ಪಕ್ಕದಲ್ಲಿ ಹುಡುಗ ಮೊಬೈಲ್‌ನಲ್ಲಿ ಟೈಮ್ ನೋಡುತ್ತಾ ಹೇಳುತ್ತಾನೆ.

ನಡುವೆ ಕಾರಿನ ವೈಪರ್ ಮೋಟಾರ್ ಹಾಕಿಯೂ ನೋಡಿದೆ. ತಿರುಗುತ್ತಿರುವಾಗಲೇ ಹೊಡೆಯೋಣ ಅಂತ. ಗನ್ ಲೆಕ್ಕವೇ ತಪ್ಪಿ, ಒಂದು ಕಡೆ ದಪ್ಪ, ಒಂದು ಕಡೆ ಒಣ ಆಯಿತು. ಥಿನ್ನರ್ ಆವಿ ತುಂಬಿದ ಕಡೆ ಆ ಮೋಟಾರಿನ ಕಿಡಿಯೂ ಅಪಾಯ. ಬಿಚ್ಚಿಟ್ಟೆ. ಕೈಯೇ ಒಳ್ಳೆಯದು. ಹೆಲ್ಮೆಟ್‌ಗೆ ಮಾತ್ರ ಈ ಹಬ್ ಇನ್ನೂ ಚೆನ್ನಾಗಿ ಒಗ್ಗುತ್ತದೆ, ಒಳಗೆ ಮರದ ಗುಂಡು ಇಟ್ಟು ಬಿಗಿದರೆ ಸಾಕು.

ಗನ್‌ನಲ್ಲಿ ಗಾಳಿಯ ಒತ್ತಡ 28 ಪಿಎಸ್‌ಐ ಆಸುಪಾಸು ಇಡುತ್ತೇನೆ. ಕ್ಲಿಯರ್ ಗಟ್ಟಿಯಾಗೋಕೆ ಸೇರಿಸುವ ಹಾರ್ಡನರ್ ಡಬ್ಬದಲ್ಲಿ ಹೇಳಿದಷ್ಟೇ. ಥಿನ್ನರ್‌ನಲ್ಲಿ ಎರಡು ಬಗೆ ಸೇರಿಸುತ್ತೇನೆ, ಆ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ದುಡ್ಡು ಅದರಲ್ಲಿ ಹೋಗಿದೆ. ಆದರೆ ಮಾಸ್ಕ್ ವಿಷಯ ಮುಚ್ಚಿಡುವುದಲ್ಲ. ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸೈನೇಟ್ ಅನ್ನೋ ರಾಸಾಯನಿಕ ಇರುತ್ತದೆ, ಕರ್ಚೀಫ್ ಕಟ್ಟಿಕೊಂಡು ಹೊಡೆಯಬೇಡಿ. ಕಾರ್ಟ್ರಿಜ್ (ಆವಿ ಸೋಸುವ ಡಬ್ಬಿ) ಇರುವ ಮಾಸ್ಕ್ ತಗೊಳ್ಳಿ.

ಕುಣಿಗಲ್ ಹುಡುಗ ಹೋದ ತಿಂಗಳು ತಮ್ಮನ ಟ್ಯಾಂಕ್ ತಂದ. ಮತ್ತೆ ಅಪ್ಪುನೇ. ಹಬ್ ಮೇಲೆ ಏರಿಸಿ ಹೊಡೆದೆ, ಪಾಲಿಶ್‌ಗೆ ಮುಂಚೆಯೇ ಟ್ಯೂಬ್‌ಲೈಟ್ ಅದರಲ್ಲಿ ನೆಟ್ಟಗೆ ಕಾಣುತ್ತಿತ್ತು. ಮಡ್‌ಗಾರ್ಡ್ ಮಾತ್ರ ಈ ಹಬ್‌ಗೆ ಕೂರುತ್ತಿಲ್ಲ. ಉದ್ದಕ್ಕೆ ಬಗ್ಗಿ ತುದಿ ಅದುರುತ್ತದೆ. ಎರಡೂ ತುದಿಗೆ ಒಂದೊಂದು ಹಬ್ ಹಾಕಿ ನೋಡಬೇಕು ಅಂತ ಇನ್ನೊಂದನ್ನೂ ಗುಜರಿಯಿಂದ ತಂದಿಟ್ಟಿದ್ದೇನೆ.