ಡಿಕ್ಕಿಗೆ ಕೋಲು ಕೊಟ್ಟಿದ್ದು ಸಾಕು, ಶಾಕರ್ ಬದಲಿಸಿ

ಬೆಳಗಿನ ಹೊತ್ತು ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆ ಮೂಟೆ ಇಳಿಸುವ ಹಳೇ ಕಾರುಗಳನ್ನು ನೋಡಿ. ಒಂದಲ್ಲ ಒಂದಕ್ಕೆ ಡಿಕ್ಕಿ ಬಾಗಿಲು ಬೀಳದಂತೆ ನೀಲಗಿರಿ ಕೋಲು ಕೊಟ್ಟಿರುತ್ತಾರೆ. ಬಲೆನೊ ಅಲ್ಟುರಾ, ಇಂಡಿಗೊ ಮರೀನಾ ತರಹದ ಉದ್ದ ಬೆನ್ನಿನ ಎಸ್ಟೇಟ್ ಕಾರುಗಳಲ್ಲಿ ಈ ಬಾಗಿಲು ಗಾಜು, ವೈಪರ್ ಎಲ್ಲಾ ಸೇರಿ ಭಾರಿ ತೂಕ. ನಮ್ಮ ಮನೆಯಲ್ಲೂ ಅಂಥದ್ದೊಂದು ಕಾರಿದೆ. ಕೋಲು ಜಾರಿ ಬಾಗಿಲು ಬಾಮೈದನ ತಲೆ ಮೇಲೆ ಬೀಳುವವರೆಗೆ ನಾನೂ ಕೋಲಿನವನೇ.

ಬಾಗಿಲನ್ನು ಎತ್ತಿ ಹಿಡಿಯುವ ಆ ಎರಡು ಕೊಳವೆಗಳಿಗೆ ನಮ್ಮ ಕಡೆ ಡಿಕ್ಕಿ ಶಾಕರ್ ಅನ್ನುತ್ತಾರೆ. ಒಳಗೆ ಜಾಸ್ತಿ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತದೆ, ಜೊತೆಗೆ ಸ್ವಲ್ಪ ಎಣ್ಣೆ. ಕೊಳವೆಯೊಳಗೆ ಹೋಗಿ ಬರುವ ತೆಳು ರಾಡ್ ಸುತ್ತ ಗ್ಯಾಸ್ ತಡೆಯುವ ಸೀಲ್ ಇರುತ್ತದೆ. ಅದು ಸವೆದರೆ ಗ್ಯಾಸ್ ಸೋರುತ್ತದೆ. ರಾಡ್ ಮೇಲೆ ಎಣ್ಣೆ ಜಿಡ್ಡು ಕಂಡರೆ ಅದರ ಕಥೆ ಮುಗಿಯಿತು. ಚಳಿಗಾಲದ ಬೆಳಿಗ್ಗೆ ಮಾತ್ರ ಬಾಗಿಲು ಕುಸಿದು, ಮಧ್ಯಾಹ್ನ ಸರಿ ನಿಲ್ಲುತ್ತಿದ್ದರೆ ಅದೂ ಮುನ್ಸೂಚನೆಯೇ. 30 ಡಿಗ್ರಿಯಿಂದ 15 ಡಿಗ್ರಿಗೆ ಇಳಿದರೆ ಗ್ಯಾಸಿನ ಬಲ ನೂರಕ್ಕೆ ಸುಮಾರು ಐದರಷ್ಟು ಕಡಿಮೆಯಾಗುತ್ತದೆ. ಗಟ್ಟಿ ಶಾಕರ್ ಅಷ್ಟನ್ನು ತಡೆದುಕೊಳ್ಳುತ್ತದೆ, ಸವೆದದ್ದು ತಡೆಯುವುದಿಲ್ಲ.

ಮೊದಲು ಖರೀದಿ. ಹಳೆಯ ಕೊಳವೆ ಮೇಲೆ 350 ಎನ್, 400 ಎನ್ ಅಂತ ಬರೆದಿರುತ್ತದೆ. ಎನ್ ಅಂದರೆ ನ್ಯೂಟನ್. ಹತ್ತು ನ್ಯೂಟನ್ ಸುಮಾರು ಒಂದು ಕೆಜಿ ಭಾರ ಎತ್ತುವಷ್ಟು ಬಲ. ಆ ಅಂಕಿ, ಪೂರ್ತಿ ಚಾಚಿದಾಗ ಈ ತುದಿಯಲ್ಲಿ ಬೋಲ್ಟು ಕೂರುವ ಕುಳಿಯಿಂದ ಆ ತುದಿಯ ಕುಳಿಗೆ ಇರುವ ಉದ್ದ, ರಾಡ್ ಎಷ್ಟು ಒಳಗೆ ಹೋಗುತ್ತದೆ ಅನ್ನುವುದು, ಈ ಮೂರೂ ಹೊಂದಬೇಕು. ಊರಲ್ಲಿ ಸಿಗದಿದ್ದರೆ ಹಳೆಯದರ ಫೋಟೊ ತೆಗೆದುಕೊಂಡು ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಒಂದು ಅಂಗಡಿಯಲ್ಲಿ ನನಗೆ ಅಂಕಿಯೇ ಇಲ್ಲದ ಜೋಡಿ ಕೊಟ್ಟು, 'ಎಲ್ಲಾ ಕಾರಿಗೂ ಆಗುತ್ತೆ ಅಣ್ಣ' ಅಂದರು. ಎಂಟು ತಿಂಗಳಿಗೆ ಮತ್ತೆ ಕೋಲು ಬಂತು. ಬಲ ಜಾಸ್ತಿ ಇರಲಿ ಅಂತ ದೊಡ್ಡದು ಹಾಕುವುದೂ ತಪ್ಪು. ಬಾಗಿಲು ಮುಚ್ಚಲು ಇಬ್ಬರು ಬೇಕಾಗುತ್ತದೆ, ಹಿಂಜ್ ಮೇಲೂ ಹೊರೆ ಬೀಳುತ್ತದೆ. ತೂತು ಕೊರೆದು ಗ್ಯಾಸ್ ತುಂಬಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಸೀಲ್ ಸವೆದಿದ್ದಕ್ಕೆ ತಾನೇ ಗ್ಯಾಸ್ ಹೋಗಿದ್ದು? ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ಮತ್ತೆ, ಒಂದನ್ನೇ ಬದಲಿಸಿ ಉಳಿಸೋಣ ಅನ್ನಬೇಡಿ. ಎರಡೂ ಒಟ್ಟಿಗೇ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಾಗಿಲು ಪೂರ್ತಿ ಎತ್ತಿ. ಕೋಲು ಈಗ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆದರೆ ಕೋಲನ್ನು ಮಾತ್ರ ನಂಬಬೇಡಿ, ಒಬ್ಬರು ಬಾಗಿಲು ಹಿಡಿದು ನಿಂತಿರಲಿ. ಫೋನ್ ನೋಡುತ್ತಾ ನಿಲ್ಲುವವರು ಬೇಡ.

ಇನ್ನು ಎಲ್ಲರೂ ಕೆಡಿಸುವ ಜಾಗ: ಕ್ಲಿಪ್. ಶಾಕರ್‌ನ ಎರಡೂ ತುದಿಯಲ್ಲಿ ಬಟ್ಟಲಿನಂಥ ಒಂದು ಕುಳಿ ಇದೆ. ಕಾರಿನ ಮೇಲಿರುವ ಗುಂಡು ತಲೆಯ ಬೋಲ್ಟು ಅದರೊಳಗೆ ಕೂರುತ್ತದೆ. ಹೊರಗಿನಿಂದ ಒಂದು ತೆಳು ಸ್ಪ್ರಿಂಗ್ ಕ್ಲಿಪ್ ಅದನ್ನು ಹಿಡಿದಿರುತ್ತದೆ. ಜನ ಮಾಡುವುದೇನು? ಕಟಿಂಗ್ ಪ್ಲೇಯರ್ ಹಾಕಿ ಕ್ಲಿಪ್ಪನ್ನೇ ಎಳೆಯುತ್ತಾರೆ. ಅದು ಟಿಣ್ ಅಂತ ಹಾರಿ ಚರಂಡಿ ಸೇರುತ್ತದೆ. ಕ್ಲಿಪ್ಪನ್ನು ಕಿತ್ತು ತೆಗೆಯುವ ಅಗತ್ಯವೇ ಇಲ್ಲ. 3 ಎಂಎಂ ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಕ್ಲಿಪ್ಪಿನ ಕಮಾನಿನ ಕೆಳಗೆ ತೂರಿಸಿ, ಮೆಲ್ಲಗೆ ಮೇಲಕ್ಕೆ ಮೀಟಿ. ಮೂರು ನಾಲ್ಕು ಎಂಎಂ ಎದ್ದರೆ ಸಾಕು. ಅಷ್ಟಕ್ಕೇ ತಡೆದು ಹಿಡಿದು, ಇನ್ನೊಂದು ಕೈಯಲ್ಲಿ ಶಾಕರ್ ತುದಿಯನ್ನು ಬೋಲ್ಟಿನಿಂದ ನೇರವಾಗಿ ಹೊರಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಬೇಡಿ. ಬರದಿದ್ದರೆ ತುಕ್ಕು ಹಿಡಿದಿರುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಒಂದು ಟೀ ಕುಡಿದು ಬನ್ನಿ. ಸುತ್ತಿಗೆ ಹಿಡಿದಿರೋ, ಬೋಲ್ಟು ಮುರಿದು ಅರ್ಧ ಗಂಟೆ ಕೆಲಸ ಎರಡು ದಿನದ್ದಾಗುತ್ತದೆ. ಮೇಲಿನ ತುದಿ ಮೊದಲು, ಆಮೇಲೆ ಕೆಳಗಿನದು.

ಒಂದು ಬದಿ ಹೊಸದು ಕೂತ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಬಿಚ್ಚುವವರನ್ನು ನೋಡಿದ್ದೇನೆ. ಹಿಡಿದುಕೊಂಡಿದ್ದವರ ಮುಖವನ್ನೂ ನೋಡಿದ್ದೇನೆ.

ಹೊಸದು ಕೂರಿಸುವುದು ಸುಲಭ. ಹಳೆಯದರ ದಿಕ್ಕೇ ಇರಲಿ. ಸಾಮಾನ್ಯವಾಗಿ ತೆಳು ರಾಡ್ ಕೆಳಗೆ, ದಪ್ಪ ಕೊಳವೆ ಮೇಲೆ. ಹಾಗಿದ್ದರೆ ಒಳಗಿನ ಎಣ್ಣೆ ಸೀಲ್ ಹತ್ತಿರ ಇಳಿದು ಅದನ್ನು ಒಣಗದಂತೆ ಇಡುತ್ತದೆ. ಬೋಲ್ಟಿನ ಗುಂಡು ಒರೆಸಿ, ಕುಳಿಗೆ ಚೂರು ಗ್ರೀಸ್ ಸವರಿ, ಅಂಗೈಯಲ್ಲಿ ಒತ್ತಿ. ಟಕ್ ಅಂತ ಸದ್ದು ಬರಬೇಕು. ಬಂದ ಮೇಲೂ ಒಮ್ಮೆ ಎಳೆದು ನೋಡಿ. ರಾಡ್‌ಗೆ ಮಾತ್ರ ಗ್ರೀಸ್ ಬೇಡ, ನಮ್ಮ ಊರಿನ ಧೂಳೆಲ್ಲಾ ಅಲ್ಲೇ ಅಂಟಿ ಸೀಲ್ ತಿನ್ನುತ್ತದೆ. ರಾಡ್ ಅನ್ನು ಪ್ಲೇಯರ್‌ನಲ್ಲಿ ಹಿಡಿಯುವುದೂ ಬೇಡ. ಒಂದು ಗೀರು ಬಿದ್ದರೂ ಸೋರಿಕೆ ಶುರು. ಉದ್ದ ಜಾಸ್ತಿ ಬಂದರೆ ಕೈಯಲ್ಲಿ ಅದುಮಿ ಕೂರಿಸುತ್ತೇನೆ ಅನ್ನಬೇಡಿ, ಆಗಲ್ಲ. ಬದಲಿಸಿ ತನ್ನಿ.

ಹೊಸ ಶಾಕರ್ ಬಾಗಿಲನ್ನು ಮೊದಲಿಗಿಂತ ಎತ್ತರಕ್ಕೆ ಒಯ್ಯುತ್ತದೆ. ನಮ್ಮ ಅಮ್ಮನಿಗೆ ಕೈ ಎಟುಕಲಿಲ್ಲ. ಒಳಗಿನ ಹಿಡಿಗೆ ಹಳೇ ಬ್ಯಾಗಿನ ಪಟ್ಟಿ ಕಟ್ಟಿದೆ, ಈಗ ಎಳೆದು ಮುಚ್ಚುತ್ತಾರೆ.

ತೆಗೆದ ಹಳೆಯದನ್ನು ಕುಯ್ಯಬೇಡಿ, ಬೆಂಕಿಗೂ ಹಾಕಬೇಡಿ, ಮಕ್ಕಳ ಕೈಗೂ ಬೇಡ. ಸತ್ತಂತೆ ಕಂಡರೂ ಒಳಗೆ ಒತ್ತಡ ಉಳಿದಿರುತ್ತದೆ. ಗುಜರಿಯವರಿಗೆ ಕೊಡುವಾಗ ಗ್ಯಾಸ್ ಇದೆ ಅಂತ ಬಾಯಿ ಬಿಟ್ಟು ಹೇಳಿ.