ಚೋಬೆ ನದಿ ದಡದ ಲಾಡ್ಜ್: ಬುಕ್ ಮಾಡುವ ಮೊದಲು ಮತ್ತು ಅಲ್ಲಿ ಇರುವಾಗ

ಸಫಾರಿ ಅಂದರೆ ಜೀಪು ಹತ್ತಿ ಪ್ರಾಣಿ ಹುಡುಕುತ್ತಾ ಸುತ್ತುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಬೋಟ್ಸ್‌ವಾನಾದ ಉತ್ತರ ತುದಿಯಲ್ಲಿರುವ ಚೋಬೆ ನದಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇಷ್ಟೇ: ಸುತ್ತಾಟ ಕಮ್ಮಿ ಮಾಡಿ, ನದಿ ಹತ್ತಿರ ಕೂರುವುದು ಜಾಸ್ತಿ ಮಾಡಿ. ಮಳೆ ಇಲ್ಲದ ತಿಂಗಳುಗಳಲ್ಲಿ ಒಳಕಾಡಿನ ಹೊಂಡಗಳೆಲ್ಲ ಬತ್ತಿ ಹೋಗುತ್ತವೆ. ಆಗ ಆನೆ, ಕಾಡೆಮ್ಮೆ, ಜೀಬ್ರಾ ಎಲ್ಲಕ್ಕೂ ಈ ನದಿಯೇ ಗತಿ. ಏಪ್ರಿಲ್, ಮೇ ತಿಂಗಳಲ್ಲಿ ಕಬಿನಿ ಹಿನ್ನೀರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಣ ಅದೇ, ಸಂಖ್ಯೆ ಮಾತ್ರ ಬೇರೆ. 2023ರ ಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 6,395 ಆನೆ. ಬೋಟ್ಸ್‌ವಾನಾದಲ್ಲಿ 2022ರ ವೈಮಾನಿಕ ಗಣತಿ ಪ್ರಕಾರ ಸುಮಾರು 1.3 ಲಕ್ಷ.

ಹಾಗಾಗಿ ಯಾವ ತಿಂಗಳು ಹೋಗುತ್ತೀರಿ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ. ಮಳೆ ನಿಂತ ಕೂಡಲೇ ಹೋದರೂ ಪೂರ್ತಿ ಪ್ರಯೋಜನ ಇಲ್ಲ, ಯಾಕೆಂದರೆ ಚೋಬೆ ಹೋಗಿ ಸೇರುವ ಜಾಂಬೆಜಿ ನದಿ ತುಂಬಿ ಹರಿಯುವಾಗ ಅದರ ನೀರು ಚೋಬೆಯೊಳಕ್ಕೆ ಹಿಂದಕ್ಕೆ ತಳ್ಳುತ್ತದೆ, ಬಯಲೆಲ್ಲ ಮುಳುಗಿರುತ್ತದೆ, ಕಾಡಿನ ಒಳಗೂ ಇನ್ನೂ ನೀರು ಇರುತ್ತದೆ. ಜುಲೈನಿಂದ ನೋಟ ಬದಲಾಗುತ್ತದೆ. ನೀರು ಇಳಿದು ಹುಲ್ಲು ಮೇಲೆ ಬರುತ್ತದೆ, ಆನೆ ಹಿಂಡುಗಳು ದಿನಾ ಇಳಿಯುತ್ತವೆ. ನನ್ನನ್ನು ಕೇಳಿದರೆ ಆಗಸ್ಟ್ ಮತ್ತು ಸೆಪ್ಟೆಂಬರ್. ಅಕ್ಟೋಬರ್‌ನಲ್ಲಿ ಆನೆ ಇನ್ನೂ ಹೆಚ್ಚು ಸಿಗುತ್ತವೆ, ಆದರೆ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚನೆ ಮಾಡಲೇಬೇಕು.

ಈಗ ಲಾಡ್ಜ್ ಆಯ್ಕೆ. ಊರಿನ ಹೆಸರು ಕಸಾನೆ. ಸಣ್ಣ ಊರು, ಒಂದು ಪುಟ್ಟ ವಿಮಾನ ನಿಲ್ದಾಣ, ಸೂಪರ್ ಮಾರ್ಕೆಟ್ಟು, ಪೆಟ್ರೋಲ್ ಬಂಕು, ರಸ್ತೆ ಬದಿಯಲ್ಲೇ ಮೇಯುವ ವಾರ್ಟ್‌ಹಾಗ್ ಕಾಡುಹಂದಿಗಳು. ಹೆಚ್ಚಿನ ಲಾಡ್ಜ್‌ಗಳು ಈ ಊರಿನ ಉದ್ದಕ್ಕೂ ನದಿ ದಡದಲ್ಲಿವೆ. ಪಕ್ಕದಲ್ಲೇ ಇರುವ ಚೋಬೆ ನ್ಯಾಷನಲ್ ಪಾರ್ಕಿನ ಒಳಗೆ, ನದಿ ಮುಂದೆ ಇರುವುದು ಚೋಬೆ ಗೇಮ್ ಲಾಡ್ಜ್ ಒಂದೇ. 1970ರ ದಶಕದಿಂದ ಇರುವ ಜಾಗ. ಅಲ್ಲಿ ಗೈಡ್‌ಗಳೆಲ್ಲ ಹೆಂಗಸರು, ಮತ್ತು ಬ್ಯಾಟರಿಯಲ್ಲಿ ಓಡುವ ದೋಣಿ, ಜೀಪುಗಳನ್ನೂ ಇಟ್ಟಿದ್ದಾರೆ. ಇಂಜಿನ್ ಸದ್ದಿಲ್ಲದೆ ಆನೆ ಪಕ್ಕ ನಿಂತರೆ ಅದು ನೀರು ಎಳೆದುಕೊಳ್ಳುವ ಸದ್ದು ಕೂಡ ಕೇಳುತ್ತದೆ, ದುಡ್ಡು ಕೊಡುವುದಾದರೆ ಇದಕ್ಕೆ ಕೊಡಬಹುದು. ಆದರೆ ಬೆಲೆ ಊರಿನ ಲಾಡ್ಜ್‌ಗಳಿಗಿಂತ ಬಹಳ ಜಾಸ್ತಿ. ಊರಿನಲ್ಲಿ ಉಳಿದು ದಿನಾ ಪಾರ್ಕಿಗೆ ಹೋಗಿ ಬಂದರೂ ಏನೂ ನಷ್ಟವಿಲ್ಲ, ಗೇಟು ಹತ್ತಿರದಲ್ಲೇ ಇದೆ.

ಆಚೆ ದಡ ನಮೀಬಿಯಾ. ಆ ಕಡೆಯೂ ಒಳ್ಳೊಳ್ಳೆ ಲಾಡ್ಜ್‌ಗಳಿವೆ, ನದಿ ಮೇಲೆಯೇ ಮಲಗುವ ಹೌಸ್‌ಬೋಟ್‌ಗಳೂ ಇವೆ, ಗಲಾಟೆ ಕಮ್ಮಿ. ಆದರೆ ಕಸಾನೆಯಲ್ಲಿ ಇಳಿದು ದೋಣಿಯಲ್ಲಿ ಆಚೆ ಹೋದರೆ ನೀವು ದೇಶ ದಾಟಿದ ಹಾಗೆ. ಪಾಸ್‌ಪೋರ್ಟಿಗೆ ಎರಡೂ ಕಡೆ ಮುದ್ರೆ ಬೀಳುತ್ತದೆ. ಬೋಟ್ಸ್‌ವಾನಾಕ್ಕೆ ಮತ್ತೆ ವಾಪಸ್ ಬರಲು ಅನುಮತಿ ಇರುವ ವೀಸಾ ಬೇಕು. ಇದನ್ನು ಬುಕ್ ಮಾಡುವ ಮುಂಚೆಯೇ ನೋಡಿಕೊಳ್ಳಿ.

ಬುಕ್ ಮಾಡುವಾಗ ಲಾಡ್ಜ್‌ನವರಿಗೆ ಒಂದು ಇಮೇಲ್ ಹಾಕಿ ಕೆಲವು ಪ್ರಶ್ನೆ ನೇರವಾಗಿ ಕೇಳಿ. ನನ್ನ ರೂಮಿನ ವರಾಂಡದಿಂದ ನೀರು ಕಾಣುತ್ತದಾ, ಅಥವಾ ತೋಟ ಕಾಣುತ್ತದಾ? ದರದಲ್ಲಿ ಊಟದ ಜೊತೆ ಸಫಾರಿಯೂ ಸೇರಿದೆಯಾ, ಪಾರ್ಕಿನ ಪ್ರವೇಶ ಶುಲ್ಕ ಸೇರಿದೆಯಾ? ದೋಣಿಯಲ್ಲಿ ಎಷ್ಟು ಜನ ಕೂರಿಸುತ್ತೀರಿ? ಈ ಕೊನೆಯ ಪ್ರಶ್ನೆ ಬಿಡಲೇಬೇಡಿ. ಎರಡು ಅಂತಸ್ತಿನ ದೊಡ್ಡ ದೋಣಿಗಳಿವೆ, ಊಟ, ಬಾರು ಎಲ್ಲ ಇರುತ್ತದೆ, ಸಂಜೆ ಹೊತ್ತು ಕಳೆಯಲು ಚೆನ್ನಾಗಿದೆ. ಪ್ರಾಣಿ ನೋಡಬೇಕು, ಫೋಟೋ ತೆಗೆಯಬೇಕು ಅಂದರೆ ಎಂಟು ಹತ್ತು ಜನ ಕೂರುವ ಸಣ್ಣ ದೋಣಿಯೇ ಬೇಕು. ಅದು ದಡದ ಹತ್ತಿರ ಹೋಗುತ್ತದೆ, ನಿಮ್ಮ ಕಣ್ಣು ನೀರಿನ ಮಟ್ಟದಲ್ಲೇ ಇರುತ್ತದೆ. ಕನಿಷ್ಠ ಮೂರು ರಾತ್ರಿ ಹಾಕಿಕೊಳ್ಳಿ. ಪಕ್ಕದ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್‌ನಿಂದ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವ ಟೂರ್‌ಗಳು ಬೇಕಾದಷ್ಟಿವೆ, ಸುಮಾರು 80 ಕಿಲೋಮೀಟರ್ ಅಷ್ಟೇ. ಆದರೆ ಅವರು ನದಿ ಬಿಟ್ಟು ಹೊರಡುವ ಹೊತ್ತಿಗೇ ಆನೆಗಳು ಇಳಿಯಲು ಶುರು ಮಾಡುತ್ತವೆ. ಅದಕ್ಕೇ ಹೇಳುವುದು, ಉಳಿಯಿರಿ.

ಹೋಗುವ ದಾರಿ ಬಗ್ಗೆ ಎರಡು ಮೂರು ಮಾತು. ಬೆಂಗಳೂರಿನಿಂದ ಜೊಹಾನ್ಸ್‌ಬರ್ಗ್ ತಲುಪಿ ಅಲ್ಲಿಂದ ಎರಡು ಗಂಟೆಯ ವಿಮಾನದಲ್ಲಿ ಕಸಾನೆಗೆ ಹೋಗಬಹುದು. ಅಥವಾ ಆಡಿಸ್ ಅಬಾಬಾ ಮೇಲೆ ವಿಕ್ಟೋರಿಯಾ ಫಾಲ್ಸ್‌ಗೆ ಹೋಗಿ ಫಾಲ್ಸ್ ನೋಡಿಕೊಂಡು ಕಾರಿನಲ್ಲಿ ಬರಬಹುದು. ಜೊಹಾನ್ಸ್‌ಬರ್ಗ್ ದಾರಿಯಾದರೆ ಎಲ್ಲ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಲಗೇಜ್ ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಬೇಕಾಗಬಹುದು, ಅದಕ್ಕೆ ದಕ್ಷಿಣ ಆಫ್ರಿಕಾದ ವೀಸಾ ಬೇಕು. ಆಡಿಸ್ ಅಥವಾ ನೈರೋಬಿ ಮೇಲೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಇಥಿಯೋಪಿಯಾ, ಕೀನ್ಯಾ ಎರಡೂ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ, ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಬೇಕು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಚೋಬೆ ಮಲೇರಿಯಾ ಇರುವ ಜಾಗ, ಅದಕ್ಕೆ ಮಾತ್ರೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹೊರಡುವ ಮುಂಚೆಯೇ ಶುರು ಮಾಡಬೇಕು, ವಾಪಸ್ ಬಂದ ಮೇಲೂ ಮುಂದುವರಿಸಬೇಕು. ಮಕ್ಕಳಿದ್ದರೆ ಜನನ ಪ್ರಮಾಣಪತ್ರ ಕೈಯಲ್ಲೇ ಇರಲಿ.

ಬ್ಯಾಗ್ ತುಂಬುವಾಗ ಆಫ್ರಿಕಾ ಅಂದರೆ ಬಿಸಿಲು ಅಂತ ಬರೀ ಹತ್ತಿ ಬಟ್ಟೆ ಹಾಕಿಕೊಳ್ಳಬೇಡಿ. ಜೂನ್, ಜುಲೈ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಕೈ ಮರಗಟ್ಟುತ್ತದೆ. ಟೋಪಿ, ದಪ್ಪ ಜಾಕೆಟ್ಟು, ಗ್ಲೌಸ್ ಬೇಕೇ ಬೇಕು. ಹತ್ತು ಗಂಟೆಗೆ ಒಂದೊಂದಾಗಿ ಬಿಚ್ಚುತ್ತಾ ಬರುವುದೇ. ಮಿಲಿಟರಿ ಬಟ್ಟೆ ತರಹದ ಪ್ರಿಂಟ್ ಬೇಡ, ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಇಲ್ಲಿಂದ ಮುಂದೆ ಸಣ್ಣ ವಿಮಾನದಲ್ಲಿ ಬೋಟ್ಸ್‌ವಾನಾದ ಒಕವಾಂಗೋ ಡೆಲ್ಟಾಗೆ ಹೋಗುವವರು ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಬ್ಯಾಗ್ ಒಯ್ಯಬೇಕು. ಇನ್ನೊಂದು ಉಪಯೋಗದ ವಿಷಯ: ಅಲ್ಲಿ ಎಷ್ಟೋ ಕಡೆ ಇರುವ ಸಾಕೆಟ್ಟು ನಮ್ಮ ಗೀಸರ್‌ಗೆ ಹಾಕುವ ದೊಡ್ಡ ಮೂರು ಪಿನ್ನಿನದ್ದೇ. ಮನೆ ಹತ್ತಿರದ ಎಲೆಕ್ಟ್ರಿಕ್ ಅಂಗಡಿಯಲ್ಲಿ ಅದಕ್ಕೆ ಹೊಂದುವ ಅಡಾಪ್ಟರ್ ಒಂದು ತೆಗೆದುಕೊಂಡರೆ ಸಾಕು. ಬೈನಾಕ್ಯುಲರ್ ತಲೆಗೊಂದು ಇರಲಿ. ಗಂಡ ಹೆಂಡತಿ ಒಂದರಲ್ಲೇ ನೋಡುತ್ತೇವೆ ಅಂದರೆ ಆಗುವುದಿಲ್ಲ, ನಿಮ್ಮ ಸರದಿ ಬರುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ.

ಲಾಡ್ಜ್‌ನ ದಿನಚರಿ ಹೀಗಿರುತ್ತದೆ. ಐದು, ಐದೂವರೆಗೆ ಬಾಗಿಲು ತಟ್ಟುತ್ತಾರೆ. ಕಾಫಿ ಕುಡಿದು ಜೀಪು ಹತ್ತಬೇಕು. ಒಂಬತ್ತು, ಹತ್ತಕ್ಕೆ ವಾಪಸ್ ಬಂದು ಹೊಟ್ಟೆ ತುಂಬ ತಿಂಡಿ. ಮಧ್ಯಾಹ್ನ ಬಿಡುವು. ಮೂರು ಗಂಟೆಗೆ ಚಹಾ, ಆಮೇಲೆ ದೋಣಿ. ಸೂರ್ಯ ಮುಳುಗುವಷ್ಟರಲ್ಲಿ ಪಾರ್ಕಿನಿಂದ ಹೊರಗೆ ಬರಬೇಕು, ಏಕೆಂದರೆ ಒಳಗೆ ರಾತ್ರಿ ಸಫಾರಿಗೆ ಬಿಡುವುದಿಲ್ಲ. ದಾರಿ ಬಿಟ್ಟು ಜೀಪು ಇಳಿಸುವ ಹಾಗೂ ಇಲ್ಲ, ಗೈಡ್‌ಗೆ ಒತ್ತಾಯ ಮಾಡಬೇಡಿ.

ಇದರಲ್ಲಿ ಬೆಳಗಿನ ಜೀಪು ಒಂದು ದಿನ ಬಿಟ್ಟರೂ ಚಿಂತೆ ಇಲ್ಲ. ಮಧ್ಯಾಹ್ನದ ದೋಣಿ ಮಾತ್ರ ಯಾವ ದಿನವೂ ಬಿಡಬೇಡಿ. ತಾಯಿ, ಮರಿಗಳ ಹಿಂಡುಗಳು ನೀರಿಗೆ ಇಳಿಯುವುದು ಬಿಸಿಲು ಏರಿದ ಮೇಲೆ, ಹೆಚ್ಚಾಗಿ ಮಧ್ಯಾಹ್ನದ ನಂತರ. ಇದರ ಜೊತೆ ಬೆಳಕಿನ ಅನುಕೂಲ ಬೇರೆ ಇದೆ. ನಾವು ಭೂಮಧ್ಯರೇಖೆಯ ಉತ್ತರದವರು, ಸೂರ್ಯ ದಕ್ಷಿಣಕ್ಕೆ ವಾಲಿರುವುದು ನಮಗೆ ಅಭ್ಯಾಸ. ಅಲ್ಲಿ ಆ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆನೆಗಳು ಇಳಿಯುವುದು ದಕ್ಷಿಣದ ದಡಕ್ಕೆ, ನಿಮ್ಮ ದೋಣಿ ಅವುಗಳ ಉತ್ತರಕ್ಕೆ. ಅಂದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ, ಬೆಳಕು ನೇರ ಆನೆ ಮೇಲೆ ಬೀಳುತ್ತದೆ. ಜೀಪಿನಲ್ಲಿ ಕೂತು ನದಿ ಕಡೆ ನೋಡುವವರಿಗೆ ಇದೇ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಹಾಗಾಗಿ ದೋಣಿಯಲ್ಲಿ ದಕ್ಷಿಣ ದಡಕ್ಕೆ ಮುಖ ಮಾಡುವ ಸೀಟು ಹಿಡಿಯಿರಿ. ಹೋಗುವಾಗ ಅದು ಒಂದು ಬದಿ, ಬರುವಾಗ ಇನ್ನೊಂದು ಬದಿ ಅನ್ನುವುದು ನೆನಪಿರಲಿ.

ನದಿ ನಡುವೆ ಸೆಡುಡು ಅಂತ ಚಪ್ಪಟೆಯಾದ ಹುಲ್ಲಿನ ದ್ವೀಪ ಇದೆ. ಬೋಟ್ಸ್‌ವಾನಾ, ನಮೀಬಿಯಾ ಎರಡೂ ನಮ್ಮದು ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, 1999ರಲ್ಲಿ ಬೋಟ್ಸ್‌ವಾನಾ ಪಾಲಿಗೆ ತೀರ್ಪು ಬಂತು. ಆ ಹುಲ್ಲಿಗಾಗಿ ಆನೆಗಳು ನದಿ ಈಜಿ ದಾಟುತ್ತವೆ. ಮುಂದೆ ಹಿರಿಯ ಹೆಣ್ಣಾನೆ, ಹಿಂದೆ ಉಳಿದವು, ಮರಿಗಳು ದೊಡ್ಡವುಗಳ ಮಗ್ಗುಲಿಗೆ ಒತ್ತಿಕೊಂಡು. ನಡು ನದಿಯಲ್ಲಿ ಮರಿ ಪೂರ್ತಿ ಮುಳುಗಿ ಸೊಂಡಿಲಿನ ತುದಿ ಮಾತ್ರ ಮೇಲೆ ಕಾಣುತ್ತದೆ, ಅದು ಉಸಿರು ಬಿಟ್ಟಾಗ ಸಣ್ಣಗೆ ನೀರು ಚಿಮ್ಮುತ್ತದೆ. ಆಚೆ ದಡ ಹತ್ತಿದಾಗ ಮರಿ ಮೈಯೆಲ್ಲ ಕಪ್ಪಗೆ ಹೊಳೆಯುತ್ತಿರುತ್ತದೆ. ದೊಡ್ಡವುಗಳ ಬೆನ್ನ ಮೇಲೆ ಮಾತ್ರ ಒಣ ಬೂದು ಬಣ್ಣದ ಪಟ್ಟಿ ಉಳಿದಿರುತ್ತದೆ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೆರೆ ಎಳೆದು ತೋರಿಸಿದ ಹಾಗೆ. ಇಂಥ ಹೊತ್ತಲ್ಲಿ ಗೈಡ್ ದೋಣಿಯನ್ನು ದೂರದಲ್ಲಿ ನಿಲ್ಲಿಸಿದರೆ ಹತ್ತಿರ ಹೋಗಿ ಅಂತ ಕೇಳಬೇಡಿ. ದೋಣಿ ಅಡ್ಡ ಬಂದರೆ ಹಿಂಡು ಅರ್ಧಕ್ಕೇ ತಿರುಗುತ್ತದೆ, ಮರಿ ಸುಸ್ತಾಗುತ್ತದೆ. ಎದ್ದು ನಿಲ್ಲುವುದು, ಶಿಳ್ಳೆ ಹಾಕುವುದು, ಜೋರಾಗಿ ಮಾತಾಡುತ್ತಾ ರೀಲ್ ಮಾಡುವುದು ಇದಾವುದೂ ಬೇಡ.

ಆನೆ ಒಂದೇ ಅಲ್ಲ. ಪುಕು ಅನ್ನುವ ಜಿಂಕೆ ಜಾತಿಯ ಪ್ರಾಣಿ ಬೋಟ್ಸ್‌ವಾನಾದಲ್ಲಿ ಸಿಗುವುದು ಈ ನದಿ ಬಯಲಲ್ಲಿ ಮಾತ್ರ, ಗೈಡ್‌ಗೆ ಹೇಳಿಟ್ಟರೆ ತೋರಿಸುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಕೆಂಪು ಬಣ್ಣದ ಕಾರ್ಮೈನ್ ಬೀ ಈಟರ್ ಹಕ್ಕಿಗಳು ಬರುತ್ತವೆ. ಮಿಂಚುಳ್ಳಿಗಳಂತೂ ಬೇಕಾದಷ್ಟು.

ದೋಣಿಯಿಂದ ಕೈ ಹೊರಗೆ ಹಾಕಿ ನೀರು ಮುಟ್ಟಬೇಡಿ. ಲಾಡ್ಜ್ ತೋಟದಲ್ಲಿ ನೀರಿನ ಅಂಚಿಗೆ ಹೋಗಿ ನಿಲ್ಲಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಮೊಸಳೆ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ರಾತ್ರಿ ಇನ್ನೂ ಎಚ್ಚರ ಬೇಕು. ನೀರುಕುದುರೆ ಹಗಲೆಲ್ಲ ನೀರಲ್ಲಿದ್ದು ಕತ್ತಲಾದ ಮೇಲೆ ಹುಲ್ಲು ಮೇಯಲು ಮೇಲೆ ಬರುತ್ತದೆ, ಲಾಡ್ಜ್‌ನ ಹಸಿರು ಲಾನ್ ಅದಕ್ಕೆ ಬಲು ಇಷ್ಟ. ಊಟ ಮುಗಿಸಿ ರೂಮಿಗೆ ಹೋಗುವಾಗ ಕಾವಲುಗಾರ ಬಂದು ಬಿಡುತ್ತಾನೆ ಅಂದರೆ ಅವನಿಗಾಗಿ ಕಾಯಿರಿ, ಐವತ್ತು ಹೆಜ್ಜೆ ಅಷ್ಟೇ ಅಲ್ವಾ ಅಂತ ಹೊರಡಬೇಡಿ. ಎದುರಾದರೆ ಅದಕ್ಕೂ ನದಿಗೂ ನಡುವೆ ಮಾತ್ರ ನಿಲ್ಲಬಾರದು, ಗಾಬರಿಯಾದ ನೀರುಕುದುರೆ ನೇರ ನೀರಿನ ಕಡೆಗೇ ನುಗ್ಗುತ್ತದೆ. ರೂಮಿನೊಳಗೆ ದೀಪ ಆರಿಸಿ ಸುಮ್ನೆ ಮಲಗಿ ಕೇಳಿ. ಹುಲ್ಲನ್ನು ತುಟಿಯಲ್ಲಿ ಕಿತ್ತು ಕಿತ್ತು ತಿನ್ನುವ ಸದ್ದು ಕಿಟಕಿ ಕೆಳಗೇ ಬರುತ್ತದೆ, ನಡುನಡುವೆ ಭಾರವಾದ ಒಂದು ಉಸಿರು. ಹಗಲಲ್ಲಿ ಕೋತಿ, ಬಬೂನ್‌ಗಳ ಕಾಟ. ವರಾಂಡದ ಬಾಗಿಲಿಗೆ ಚಿಲಕ ಹಾಕದೆ ಹೋದರೆ ಕೋಡುಬಳೆ ಡಬ್ಬಿ ಮರದ ಮೇಲಿರುತ್ತದೆ.

ಊಟದ ವಿಷಯ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆಯಿರಿ, ಮೊಟ್ಟೆ, ಮೀನು ತಿನ್ನುತ್ತೀರಾ ಇಲ್ಲವಾ ಅಂತ ಬಿಡಿಸಿ ಹೇಳಿ. ತಲುಪಿದ ದಿನ ಅಡುಗೆಯವರ ಹತ್ತಿರ ಒಮ್ಮೆ ಮಾತಾಡಿ. ಪಾಸ್ತಾ, ಸಲಾಡ್ ತಿಂದು ಬೇಜಾರಾದರೆ ಊರಿನ ಊಟ ಕೇಳಿ. ಬೊಗೊಬೆ ಅಂತ ಜೋಳದ ಹಿಟ್ಟಿನ ಗಂಜಿ ಮಾಡುತ್ತಾರೆ, ಗಟ್ಟಿಯಾಗಿ ಮಾಡಿದರೆ ನಮ್ಮ ಮುದ್ದೆ ಹಾಗೇ. ಜೊತೆಗೆ ಮೊರೊಗೊ ಅನ್ನುವ ಸೊಪ್ಪಿನ ಪಲ್ಯ. ನಮ್ಮ ಬಾಯಿಗೆ ಚೆನ್ನಾಗಿ ಒಗ್ಗುತ್ತದೆ. ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ ಇದ್ದರೆ ಇನ್ನೇನೂ ಬೇಡ. ಮಾಂಸದ ಪದಾರ್ಥ, ಹಾಲಿನ ಪದಾರ್ಥ ತರಬೇಡಿ. ಕಾಲುಬಾಯಿ ರೋಗ ಹರಡದಿರಲಿ ಅಂತ ಗಡಿಯಲ್ಲಿ, ದಾರಿಯ ಗೇಟುಗಳಲ್ಲಿ ತಪಾಸಣೆ ಮಾಡುತ್ತಾರೆ, ಚಪ್ಪಲಿ, ಶೂ ಎಲ್ಲ ಔಷಧಿ ನೀರಲ್ಲಿ ಅದ್ದಿಸುತ್ತಾರೆ.

ಅಲ್ಲಿನವರು ನಮಸ್ಕಾರ ಹೇಳದೆ ಮಾತು ಶುರು ಮಾಡುವುದಿಲ್ಲ. ಗಂಡಸರಿಗೆ "ದುಮೆಲಾ ರಾ", ಹೆಂಗಸರಿಗೆ "ದುಮೆಲಾ ಮಾ" ಅನ್ನಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಗೈಡ್‌ಗೆ ದಿನಕ್ಕೆ ತಲಾ 10 ಡಾಲರ್ ಹತ್ತಿರ ಕೊಡುವುದು ರೂಢಿ. ಅಡುಗೆಯವರು, ರೂಮು ಗುಡಿಸುವವರು, ರಾತ್ರಿ ಕಾವಲಿನವರು ಇವರಿಗೆಲ್ಲ ಸೇರಿ ರಿಸೆಪ್ಷನ್‌ನಲ್ಲಿ ಒಂದು ಡಬ್ಬಿ ಇರುತ್ತದೆ, ಅದನ್ನು ಮರೆಯಬೇಡಿ. ಕೊನೆಯ ದಿನ ಮಧ್ಯಾಹ್ನದ ವಿಮಾನವಾದರೆ ಬೆಳಿಗ್ಗೆ ಆರಕ್ಕೆ ದೋಣಿ ಕೇಳಿ ನೋಡಿ. ಹಿಂದಿನ ರಾತ್ರಿಯೇ ಬ್ಯಾಗ್ ಕಟ್ಟಿಟ್ಟು ರೂಮು ಬಿಟ್ಟುಕೊಡುವ ಸಮಯ ಕೇಳಿಕೊಂಡರೆ ಇನ್ನೂ ಎರಡು ಗಂಟೆ ನದಿಯಲ್ಲಿ ಸಿಗುತ್ತದೆ.