ಮೊದಲು ಕತ್ತಲೆ, ಆಮೇಲೆ ಬಣ್ಣ: ಮನೆಯಲ್ಲೇ ಬ್ಲ್ಯಾಕ್ ಲೈಟ್ ಗೊಂಬೆಗಳು

ಬ್ಲ್ಯಾಕ್ ಲೈಟ್ ಗೊಂಬೆಯಾಟ ಎಂದರೆ ಕತ್ತಲ ಕೋಣೆಯಲ್ಲಿ, ಕಣ್ಣಿಗೆ ಅಷ್ಟಾಗಿ ಕಾಣದ ನೇರಳಾತೀತ ಬೆಳಕು ಬಿಟ್ಟು, ಆ ಬೆಳಕಿಗೆ ಹೊಳೆಯುವ ಗೊಂಬೆಗಳನ್ನು ಆಡಿಸುವುದು. ಇದನ್ನು ಮಾಡಬೇಕೆಂದು ಆಸೆಪಟ್ಟವರು ಮೊದಲು ಪೇಟೆಗೆ ಹೋಗಿ ಹೊಳೆಯುವ ಬಣ್ಣದ ಡಬ್ಬಿಗಳನ್ನು ತರುತ್ತಾರೆ. ಮೊದಲು ತರಬೇಕಾದದ್ದು ಕಪ್ಪು ಬಟ್ಟೆ. ಈ ಆಟದಲ್ಲಿ ಕಾಣಬೇಕಾದದ್ದು ಗೊಂಬೆಯೊಂದೇ. ಆಡಿಸುವವರ ಕೈ, ಮುಖ, ಹಿಡಿದ ಕೋಲು, ಹಿಂದಿನ ಗೋಡೆ ಯಾವುದೂ ಕಣ್ಣಿಗೆ ಬೀಳಬಾರದು. ಹೊಳೆಯುವಂತೆ ಮಾಡುವುದಕ್ಕೆ ಅರ್ಧ ದಿನ ಸಾಕು. ಕಾಣದಂತೆ ಮಾಡುವುದಕ್ಕೆ ತಾಳ್ಮೆ ಬೇಕು. ನಮ್ಮ ಮನೆಯ ಮಕ್ಕಳಿಗೂ ಅಕ್ಕಪಕ್ಕದ ತೋಟದ ಮನೆಗಳ ಮಕ್ಕಳಿಗೂ ಬಹಳ ವರ್ಷಗಳಿಂದ ಈ ಗೊಂಬೆಗಳನ್ನು ಮಾಡಿಸುತ್ತ ಬಂದಿದ್ದೇನೆ. ಹಾಗಾಗಿ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಕೊಡಗಿನ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಆಟ. ಶಾಲೆಗೆ ಮಳೆ ರಜೆ ಕೊಟ್ಟಿರುತ್ತಾರೆ, ಕಿಟಕಿ ಬಾಗಿಲು ಮುಚ್ಚಿರುತ್ತವೆ, ಹಗಲಿನಲ್ಲೂ ಕೋಣೆ ಮಂಕಾಗಿರುತ್ತದೆ. ಮಡಿಕೇರಿ ದಸರೆಯ ರಾತ್ರಿ ಮೆರವಣಿಗೆಯಲ್ಲಿ ಬರುವ ದಶಮಂಟಪಗಳನ್ನು (ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳನ್ನು) ನೋಡಿ ಬೆಳೆದ ಮಕ್ಕಳಿಗೆ ಬೆಳಕಿನಲ್ಲಿ ಚಲಿಸುವ ಆಕೃತಿಗಳು ಹೊಸದೇನೂ ಅಲ್ಲ. ಆದರೆ ಮಂಟಪಕ್ಕೆ ಟ್ರ್ಯಾಕ್ಟರ್ ಬೇಕು, ಜನರೇಟರ್ ಬೇಕು, ಊರಿನವರೆಲ್ಲ ಸೇರಿ ದುಡ್ಡು ಹಾಕಬೇಕು. ಇದಕ್ಕೆ ಒಂದು ಕೋಣೆ, ಎರಡು ದೀಪ, ನಾಲ್ಕು ಜನ ಸಾಕು.

ದೀಪದ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ನಮಗೆ ಬೇಕಾದದ್ದು ಯುವಿ-ಎ ಎಂಬ ಬಗೆಯ ನೇರಳಾತೀತ ಬೆಳಕು. ಅಂಗಡಿಯಲ್ಲಿ ಸಿಗುವ ಎಲ್‌ಇಡಿ ದೀಪಗಳ ಮೇಲೆ 365 ಅಥವಾ 395 ನ್ಯಾನೊಮೀಟರ್ ಎಂದು ಬರೆದಿರುತ್ತದೆ. 395ರದ್ದು ಅಗ್ಗ, ಆದರೆ ಅದರಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಸಾಕಷ್ಟು ಬರುತ್ತದೆ. ಆಡಿಸುವವರ ನೆರಳು ತಿಳಿಯುತ್ತದೆ. 365ರದ್ದು ದುಬಾರಿಯಾದರೂ ಕತ್ತಲೆಯನ್ನು ಕೆಡಿಸುವುದಿಲ್ಲ. ಗಾಢ ನೇರಳೆ ಗಾಜಿನ ಬ್ಲ್ಯಾಕ್ ಲೈಟ್ ಟ್ಯೂಬ್ ಸಿಕ್ಕರೆ ಅದೂ ಒಳ್ಳೆಯದು. ಮಾಮೂಲಿ ಟ್ಯೂಬ್‌ಲೈಟ್ ಪಟ್ಟಿಯಲ್ಲಿ ಅಷ್ಟೇ ಅಳತೆಯದು, ಅಷ್ಟೇ ವ್ಯಾಟಿನದು ಕೂರುತ್ತದೆ. ನೇರಳೆ ಬಣ್ಣ ಬಳಿದ ಹಳೆಯ ಬಗೆಯ ಬಲ್ಬನ್ನು ಮಾತ್ರ ಕೊಳ್ಳಬೇಡಿ. ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ನೀರು ಶುದ್ಧೀಕರಿಸುವ ಯಂತ್ರದೊಳಗೆ ಇರುವ, ಆಸ್ಪತ್ರೆಗಳಲ್ಲಿ ಕ್ರಿಮಿ ಕೊಲ್ಲಲು ಉರಿಸುವ ಯುವಿ ದೀಪ ಬೇರೆ. ಅದು ಯುವಿ-ಸಿ. ಅದರ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಿಂತರೂ ಕಣ್ಣು ಉರಿದು ಕೆಂಪಾಗುತ್ತದೆ, ಚರ್ಮ ಸುಡುತ್ತದೆ. ಯುವಿ ಎಂದು ಬರೆದಿದೆಯಲ್ಲ ಎಂದು ಅದನ್ನು ತಂದು ಮಕ್ಕಳ ಮುಂದೆ ಹಚ್ಚಬಾರದು. ಸರಿಯಾದ ಬ್ಲ್ಯಾಕ್ ಲೈಟನ್ನು ಕೂಡ ಯಾರೂ ದಿಟ್ಟಿಸಿ ನೋಡಬಾರದು. ದೀಪಗಳನ್ನು ನೆಲದ ಮೇಲೆ, ಆಟದ ಜಾಗದ ಎರಡೂ ಮುಂಮೂಲೆಗಳಲ್ಲಿ ಗೊಂಬೆಗಳ ಕಡೆಗೆ ತಿರುಗಿಸಿ ಇಡಿ. ನೋಡುವವರ ಕಡೆಗೆ ಕಪ್ಪು ಬಳಿದ ರಟ್ಟಿನ ಮರೆ ಕಟ್ಟಿ. ಗೊಂಬೆ ದೀಪದಿಂದ ದೂರ ಸರಿದಷ್ಟೂ ಹೊಳಪು ಬೇಗ ಬೇಗ ಇಳಿಯುತ್ತದೆ, ಆದ್ದರಿಂದ ಆಟದ ಜಾಗ ಅಗಲವಾಗಿರಲಿ, ಆಳ ಕಡಿಮೆ ಇರಲಿ.

ಮಳೆ ಶುರುವಾದ ಹೊಸತರಲ್ಲಿ ರೆಕ್ಕೆ ಬಂದ ಗೆದ್ದಲುಗಳು ಎದ್ದಿರುತ್ತವಲ್ಲ, ಅವೂ ಪತಂಗಗಳೂ ಈ ದೀಪಕ್ಕೆ ಮುತ್ತುತ್ತವೆ. ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿ. ಹೊರಗಿನ ಬೆಳಕಿಗೂ ಅದೇ ತಡೆ.

ಗೊಂಬೆಗೆ ಕೈ ಹಾಕುವ ಮೊದಲು, ನೋಟು ಪರೀಕ್ಷಿಸಲು ಬಳಸುವ ಸಣ್ಣ ಯುವಿ ಟಾರ್ಚ್ ಒಂದನ್ನು ಹಿಡಿದು ರಾತ್ರಿ ಮನೆಯೆಲ್ಲ ಸುತ್ತಿ. ಇದನ್ನು ಮಕ್ಕಳ ಜೊತೆಯಲ್ಲೇ ಮಾಡಿ, ಅವರಿಗೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಬಿಳಿ ಎಂದು ಕಂಡದ್ದೆಲ್ಲ ಹೊಳೆಯುವುದಿಲ್ಲ. ಬರೆಯುವ ಬಿಳಿ ಹಾಳೆ ನೀಲಿಯಾಗಿ ಉರಿಯುತ್ತದೆ, ಪತ್ರಿಕೆಯ ಕಾಗದ ಮಂಕಾಗಿ ಕೂತಿರುತ್ತದೆ. ಡಿಟರ್ಜೆಂಟ್‌ನಲ್ಲಿ ಒಗೆದ ಬಿಳಿ ಪಂಚೆ ಹೊಳೆಯುತ್ತದೆ, ಒಗೆಯದ ಖಾದಿ ಹೊಳೆಯುವುದಿಲ್ಲ. ಬಟ್ಟೆ ಬೆಳ್ಳಗೆ ಕಾಣಲೆಂದು ಸಾಬೂನಿನ ಪುಡಿಗೆ ಸೇರಿಸುವ ವಸ್ತು ಕಣ್ಣಿಗೆ ಕಾಣದ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ. ಹಿಂದೆ ಬಿಳಿ ಬಟ್ಟೆಗೆ ಹಾಕುತ್ತಿದ್ದ ಟಿನೋಪಾಲ್ ಇದೇ ಕೆಲಸ ಮಾಡುತ್ತಿತ್ತು. ಎಣ್ಣೆಯಲ್ಲಿ ಕಲಸಿದ ಅರಿಸಿನ ಹಳದಿ ಹಸಿರಾಗಿ ಮಿನುಗುತ್ತದೆ, ಪೆಟ್ರೋಲಿಯಂ ಜೆಲ್ಲಿ ತೆಳು ನೀಲಿಯಾಗಿ ಕಾಣುತ್ತದೆ. ಸೌದೆ ಕೊಟ್ಟಿಗೆಯಿಂದ ಬಿದಿರು ತೆಗೆಯುವ ಮುನ್ನವೂ ಇದೇ ಟಾರ್ಚ್ ಹಾಯಿಸಿ. ಚೇಳು ಈ ಬೆಳಕಿನಲ್ಲಿ ನೀಲಿ ಹಸಿರಾಗಿ ಹೊಳೆದು ತಾನಾಗಿ ಸಿಕ್ಕಿಬೀಳುತ್ತದೆ. ಆಟ ಮಾಡದವರೂ ತೋಟದ ಮನೆಯಲ್ಲಿ ಇಂಥ ಟಾರ್ಚ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಕಪ್ಪು ಬಟ್ಟೆ. ಹಿಂದಿನ ಪರದೆಗೆ ವೆಲ್ವೆಟ್‌ಗೆ ಸಮನಾದದ್ದು ಇಲ್ಲ. ಅದರ ರೋಮಗಳ ನಡುವೆ ಬೆಳಕು ಸಿಕ್ಕಿಕೊಂಡು ಹೊರಬರುವುದಿಲ್ಲ. ಅಷ್ಟು ಖರ್ಚು ಬೇಡವೆಂದರೆ ದಪ್ಪ ಕಪ್ಪು ಹತ್ತಿಬಟ್ಟೆ ಆಗಬಹುದು. ಮಿರಮಿರ ಮಿಂಚುವ ಸ್ಯಾಟಿನ್ ಬೇಡವೇ ಬೇಡ. ಕೊಳ್ಳುವಾಗಲೇ ಅಂಗಡಿಯ ಮೂಲೆಯಲ್ಲಿ ಟಾರ್ಚ್ ಹಾಕಿ ನೋಡಿ, ಹಗಲಿಗೆ ಕಪ್ಪಾಗಿ ಕಾಣುವ ಕೆಲವು ಬಟ್ಟೆಗಳು ಆ ಬೆಳಕಿನಲ್ಲಿ ಕೆಂಪು ಛಾಯೆ ತೋರಿಸುತ್ತವೆ. ಆ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಯಂತ್ರಕ್ಕೆ ಹಾಕಬೇಡಿ. ಬಿಳಿ ಟವೆಲಿನ ಒಂದೊಂದು ಎಳೆ ಅಂಟಿಕೊಂಡರೂ ಆಟದ ನಡುವೆ ಅದು ನಕ್ಷತ್ರವಾಗಿ ಹೊಳೆಯುತ್ತದೆ. ಸಾಬೂನಿನ ಪುಡಿಯನ್ನೂ ಸೋಕಿಸಬೇಡಿ. ನಮ್ಮ ಹಿರಿಯರ ಅಂಟುವಾಳ ಇಲ್ಲಿ ನಿಜವಾಗಿ ಗೆಲ್ಲುತ್ತದೆ. ಅಂಟುವಾಳಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿದ ನೊರೆಯಲ್ಲಿ ಕಪ್ಪು ಬಟ್ಟೆ ಒಗೆದರೆ ಕೊಳೆ ಹೋಗುತ್ತದೆ, ಹೊಳಪು ಬರುವುದಿಲ್ಲ. ಕಪ್ಪೆಂಬ ಕಾರಣಕ್ಕೆ ಮನೆಯ ಹಿರಿಯರ ಕುಪ್ಯ, ಅಂದರೆ ಕೊಡವರ ಉದ್ದನೆಯ ನಿಲುವಂಗಿ, ತೆಗೆದು ಮಕ್ಕಳಿಗೆ ತೊಡಿಸಬೇಡಿ. ಅದು ಸುಗ್ಗಿಯ ಹಬ್ಬವಾದ ಪುತ್ತರಿಗೂ ಮದುವೆಗೂ ಮೀಸಲಾದ ಗೌರವದ ಉಡುಪು. ಹಳೆಯ ಕಪ್ಪು ಅಂಗಿ, ಪ್ಯಾಂಟು, ಕಾಲುಚೀಲ, ಕೈಗವಸು ಸಾಕು. ಗುಂಡಿ, ಜಿಪ್ಪು, ಲೇಬಲ್, ಹೊಲಿಗೆಯ ದಾರ ಒಂದೊಂದನ್ನೂ ಟಾರ್ಚಿನಲ್ಲಿ ಪರೀಕ್ಷಿಸಿ.

ಮುಖಕ್ಕೆ ಎರಡು ಮಡಿಕೆ ಕಪ್ಪು ನೆಟ್ ಬಟ್ಟೆಯ ಮುಸುಕು ಹೊಲಿಯಿರಿ. ಒಳಗಿನಿಂದ ಕಾಣಬೇಕು, ಉಸಿರಾಟ ಸರಾಗವಾಗಿರಬೇಕು. ಹಲ್ಲು ಈ ಬೆಳಕಿನಲ್ಲಿ ಚೆನ್ನಾಗಿ ಹೊಳೆಯುತ್ತದೆ, ನಗು ತಡೆಯಲಾರದ ಮಕ್ಕಳಿಗೆ ಮುಸುಕು ಅನಿವಾರ್ಯ. ಈ ಕಲೆಯ ಹುಟ್ಟಿನಲ್ಲೂ ಹಲ್ಲಿನ ಕಥೆಯೇ ಇದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಮ್ಯಾಕ್ಸ್ ಆಟ್ಸಿಂಗರ್ ಎಂಬ ಜಾದೂಗಾರರು, ಕಪ್ಪು ವೆಲ್ವೆಟ್ ಹಿನ್ನೆಲೆಯ ನಾಟಕವೊಂದರಲ್ಲಿ ನಟನ ಹಲ್ಲು ಮಾತ್ರ ಕಂಡದ್ದನ್ನು ನೋಡಿ ಕಪ್ಪಿನ ಮುಂದೆ ಕಪ್ಪು ಮಾಯವಾಗುವ ಜಾದೂ ರೂಪಿಸಿದರೆಂದು ಹೇಳುತ್ತಾರೆ. ಮುಂದೆ 1961ರಲ್ಲಿ ಪ್ರಾಗ್ ನಗರದಲ್ಲಿ ಯಿರ್ಝಿ ಸರ್ನೆಟ್ಸ್ ಅವರು ಇದಕ್ಕೆಂದೇ ನಾಟಕ ತಂಡ ಕಟ್ಟಿದರು. ಇವತ್ತಿಗೂ ಆ ನಗರಕ್ಕೆ ಹೋದವರು ಇಂಥ ನಾಟಕ ನೋಡಿ ಬರುತ್ತಾರೆ.

ಗೊಂಬೆ ಯಾವುದು ಮಾಡೋಣ ಎಂದು ಕೇಳಿದರೆ ನಾನು ಮೊದಲು ಹೇಳುವುದು ದೊಡ್ಡ ಮಂಗಟ್ಟೆ ಹಕ್ಕಿಯನ್ನು. ನಮ್ಮ ಕಾಡಿನ ಈ ಹಕ್ಕಿ ಬ್ಲ್ಯಾಕ್ ಲೈಟ್‌ಗೆಂದೇ ಬಣ್ಣ ಹಚ್ಚಿಕೊಂಡು ಹುಟ್ಟಿದೆ. ಮೈ ಕಪ್ಪು, ಕೊಕ್ಕು ಹಳದಿ, ಕತ್ತು ಬಿಳಿ, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಬಾಲ ಬಿಳಿ, ಅದರ ಮೇಲೊಂದು ಕಪ್ಪು ಪಟ್ಟಿ. ಕಪ್ಪು ಭಾಗವನ್ನು ನೀವು ಮಾಡುವುದೇ ಬೇಡ. ಕೊಕ್ಕು, ಕತ್ತು, ರೆಕ್ಕೆಯ ಪಟ್ಟಿ, ಬಾಲ ಇಷ್ಟನ್ನು ಸರಿಯಾದ ಅಂತರದಲ್ಲಿ ಚಲಿಸಿದರೆ ನಡುವಿನ ಹಕ್ಕಿಯನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಆನೆಯೂ ಹಾಗೆಯೇ. ಇಡೀ ಆನೆಗೆ ಬಣ್ಣ ಬಳಿದರೆ ಬಣ್ಣದ ಗುಡ್ಡೆ ಕಾಣುತ್ತದೆ. ಕಿವಿಯ ಅಂಚು, ಸೊಂಡಿಲಿನ ಗೆರೆ, ದಂತ, ಕಾಲಿನ ಉಗುರು, ಒಂದು ಕಣ್ಣು ಸಾಕು, ಆನೆ ನಡೆದು ಬರುತ್ತದೆ.

ಮಂಗಟ್ಟೆಯ ಕೊಕ್ಕಿಗೂ ರೆಕ್ಕೆಗೂ ಅಡಿಕೆ ಹಾಳೆ ತೆಗೆದುಕೊಳ್ಳಿ. ಹಗುರ, ಗಟ್ಟಿ, ತೋಟದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಬೇಕಾದಂತೆ ಬಗ್ಗಿಸಿ ದಾರ ಕಟ್ಟಿ ಒಣಗಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ತಲೆಗೆ ಸ್ಪಂಜು, ಇಲ್ಲವೇ ಒಣಗಿದ ಸೋರೆ ಬುರುಡೆ. ಕಾಗದದ ಗೊಂಬೆ ಮಾಡುವುದಾದರೆ ಒಳಪದರಗಳಿಗೆ ಪತ್ರಿಕೆಯ ಕಾಗದ ಹಾಕಿ, ಹೊಳೆಯಬೇಕಾದ ಕಡೆ ಮೇಲಿನ ಪದರಕ್ಕೆ ಮಾತ್ರ ಬಿಳಿ ಹಾಳೆ ಅಂಟಿಸಿ. ಮೈದಾ ಅಂಟಿಗೆ ಹುಳ ಬರದಿರಲೆಂದು ಕೆಲವರು ಮೈಲುತುತ್ತ ಸೇರಿಸುತ್ತಾರೆ. ಕಾಫಿ, ಕರಿಮೆಣಸಿಗೆ ಬೋರ್ಡೋ ದ್ರಾವಣ ಸಿಂಪಡಿಸಲು ತಂದದ್ದು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಮಕ್ಕಳು ಮುಟ್ಟುವ ಗೊಂಬೆಗೆ ಆ ವಿಷ ಬೇಡ, ಕೆಲವು ಹನಿ ಲವಂಗದ ಎಣ್ಣೆ ಸಾಕು. ಮಳೆಗಾಲದಲ್ಲಿ ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕಿದರೆ ಒಳಗೆ ಬೂಷ್ಟು ಹಿಡಿಯುವುದು ಖಂಡಿತ. ಒಲೆಯ ಪಕ್ಕದಲ್ಲಿಟ್ಟು ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಅಲ್ಲ. ಅಲ್ಲಿಯ ಮಸಿ ಕೂತರೆ ಬಣ್ಣ ಎಷ್ಟು ಹಚ್ಚಿದರೂ ಮಂಕು.

ಬಣ್ಣ ಹಚ್ಚುವ ಮೊದಲು ಬಿಳಿಯ ಒಂದು ಪದರ ಬೇಕು. ಆ ಬಿಳಿ ಬಣ್ಣ ತಾನೇ ಹೊಳೆಯುವುದಿಲ್ಲ. ಆದರೆ ಫ್ಲೋರೊಸೆಂಟ್ ಬಣ್ಣಗಳು, ಅಂದರೆ ಈ ಬೆಳಕಿನಲ್ಲಿ ಹೊಳೆಯುವ ಬಣ್ಣಗಳು, ತೆಳು, ಕೆಳಗೆ ಬಿಳಿ ಇದ್ದರೆ ಅವುಗಳ ಬೆಳಕು ಹಿಂದಕ್ಕೆ ಹೋಗದೆ ಮುಂದಕ್ಕೇ ಬರುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಫ್ಲೋರೊಸೆಂಟ್ ಬಣ್ಣವನ್ನೇ ಕೊಳ್ಳಿ. ಸ್ಪ್ರೇ ಡಬ್ಬಿಯ ಬಣ್ಣ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ತೆಳುವಾಗಿ ಎರಡು ಮೂರು ಸಲ ಹಚ್ಚಿ. ಹಳದಿ, ಹಸಿರು, ಕಿತ್ತಳೆ, ಗುಲಾಬಿ ಬಣ್ಣಗಳು ಜೋರಾಗಿ ಬರುತ್ತವೆ, ನೀಲಿ ಸ್ವಲ್ಪ ಹಿಂದೆ. ಕತ್ತಲಲ್ಲಿ ತಾನಾಗಿ ಮಿನುಗುವ, ಮಕ್ಕಳು ಛಾವಣಿಗೆ ಅಂಟಿಸುವ ನಕ್ಷತ್ರಗಳ ಬಣ್ಣವನ್ನು ಇದಕ್ಕೆ ಬಳಸಬೇಡಿ. ಅದು ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತದೆ, ದೀಪ ಆರಿಸಿದ ಮೇಲೂ ಕಾಣುತ್ತಲೇ ಇರುತ್ತದೆ.

ಮರೆಮಾಡುವುದರಲ್ಲೇ ಈ ಆಟದ ಸೊಗಸು ಇರುವುದು. ಗೊಂಬೆಯ ಬೆನ್ನಿಗೆಲ್ಲ ಕಪ್ಪು ಬಟ್ಟೆ ಹೊಲಿಯಿರಿ. ಥಟ್ಟನೆ ತಿರುಗಿಸಿದರೆ ಗೊಂಬೆ ಇಲ್ಲವಾಗುತ್ತದೆ, ಮತ್ತೆ ತಿರುಗಿಸಿದರೆ ಬೇರೆ ಜಾಗದಲ್ಲಿ ಹುಟ್ಟುತ್ತದೆ. ಕಪ್ಪು ಚೀಲದಿಂದ ನಿಧಾನವಾಗಿ ಹೊರತೆಗೆದರೆ ನೀರಿನಿಂದ ಎದ್ದ ಮಹಶೀರ್ ಮೀನು. ಈ ಮೀನನ್ನು ಮೂರು ತುಂಡು ಸ್ಪಂಜಿನಲ್ಲಿ ಮಾಡಿ, ನಡುವೆ ಕಪ್ಪು ಬಟ್ಟೆಯ ಸಂದು ಬಿಟ್ಟು ಹೊಲಿದು, ತಲೆಗೊಂದು ಬಾಲಕ್ಕೊಂದು ಕಪ್ಪು ಬಿದಿರುಕಡ್ಡಿ ಸಿಕ್ಕಿಸಿದರೆ ಮೈ ಬಳುಕಿಸಿ ಈಜುತ್ತದೆ. ದೊಡ್ಡ ಹುರುಪೆಗಳ ಅಂಚಿಗೆ ಮಾತ್ರ ಕಿತ್ತಳೆ ಬಣ್ಣ ಹಚ್ಚಿ. ಕಡ್ಡಿಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಮೇಲೆ ಬಟ್ಟೆ ಸುತ್ತಿ. ಯಾವ ಗೋಂದನ್ನೂ ಒಣಗಿದ ಮೇಲೆ ಟಾರ್ಚಿನಲ್ಲಿ ನೋಡದೆ ಬಳಸಬೇಡಿ. ಬೆಸುಗೆಯ ಗೆರೆ ನೀಲಿಯಾಗಿ ಎದ್ದು ಕಾಣುವುದುಂಟು.

ಗೊಂಬೆ ದೊಡ್ಡದಾದರೆ ಮೂವರು ಸೇರಿ ಆಡಿಸಲಿ. ಜಪಾನಿನ ಬುನ್ರಾಕು ಎಂಬ ಗೊಂಬೆಯಾಟದಲ್ಲಿ ಒಬ್ಬರು ತಲೆ ಮತ್ತು ಬಲಗೈ, ಇನ್ನೊಬ್ಬರು ಎಡಗೈ, ಮೂರನೆಯವರು ಕಾಲು ಹಿಡಿಯುತ್ತಾರೆ. ಮನೆಯಲ್ಲೂ ಅದೇ ಹಂಚಿಕೆ ನಡೆಯುತ್ತದೆ, ತಲೆ ಹಿಡಿದವರ ಉಸಿರಿಗೆ ಉಳಿದಿಬ್ಬರು ಹೊಂದಿಕೊಳ್ಳಬೇಕು. ಗೊಂಬೆ ಮಾತನಾಡದಿದ್ದಾಗ ಅದನ್ನು ಸುಮ್ಮನೆ ಅಲ್ಲಾಡಿಸಬೇಡಿ. ಅದರ ಕಾಲು ನೆಲದ ಮಟ್ಟಕ್ಕೆ ಇರಲಿ. ಕತ್ತಲಲ್ಲಿ ನೆಲ ಕಾಣದು, ಹಾಗೆಂದು ಗೊಂಬೆ ಕಾರಣವಿಲ್ಲದೆ ತೇಲಿದರೆ ನೋಡುವವರ ನಂಬಿಕೆ ಹೋಗುತ್ತದೆ. ಆಡಿಸುವವರಿಗೆ ದಾರಿ ತಿಳಿಯಲೆಂದು ಮುಂದಿನ ರಟ್ಟಿನ ಒಳಮೈಗೆ ಸಣ್ಣ ಫ್ಲೋರೊಸೆಂಟ್ ಚುಕ್ಕೆಗಳನ್ನು ಅಂಟಿಸಿ, ನೋಡುವವರಿಗೆ ಅವು ಕಾಣುವುದಿಲ್ಲ. ತಂತಿಗಳನ್ನು ಗೋಡೆಯ ಅಂಚಿಗೆ ಸರಿಸಿ ಕಟ್ಟಿ. ಕೋಣೆಯಲ್ಲಿ ಮೇಣದ ಬತ್ತಿ ಬೇಡ. ಮಾಮೂಲಿ ದೀಪದ ಸ್ವಿಚ್ಚಿನ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಲಿ, ಕರೆಂಟು ಹೋದರೆ ಹಿಡಿಯಲು ಕೈಯಲ್ಲೊಂದು ಸಾದಾ ಟಾರ್ಚ್ ಇರಲಿ.

ಆಟ ಮುಗಿದ ಮೇಲೆ ಗೊಂಬೆಗಳನ್ನು ಬಿಸಿಲಿಗೆ ಹಾಕಬೇಡಿ, ಫ್ಲೋರೊಸೆಂಟ್ ಬಣ್ಣ ಬಿಸಿಲಿಗೆ ಬೇಗ ಸಾಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕಪ್ಪು ಬಟ್ಟೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಡಿ. ತೇವ ಹೀರಲು ಕೆಲವು ಇದ್ದಿಲ ತುಂಡುಗಳನ್ನು ಕಾಗದದಲ್ಲಿ ಬಿಗಿಯಾಗಿ ಕಟ್ಟಿ ಮೂಲೆಗಿಡಿ. ಮಳೆ ನಿಂತು ಕಾವೇರಿ ಸಂಕ್ರಮಣ ಕಳೆದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ, ರಾತ್ರಿ ಟಾರ್ಚ್ ಹಾಯಿಸಿ ನೋಡಿ. ಮಂಕಾದ ಕಡೆ ಇನ್ನೊಂದು ಪದರ ಬಣ್ಣ ಹಚ್ಚಿದರೆ ಪುತ್ತರಿಗೆ ನೆಂಟರು ಬರುವ ಹೊತ್ತಿಗೆ ಗೊಂಬೆಗಳು ಸಿದ್ಧವಾಗಿರುತ್ತವೆ.